ಮಿಷನ್ನಿನ ಬೇರಿಂಗು, ಮಗ್ಗದ ಎಳೆ

ಬಿಟ್ಟು ಹೋಗುವ ಬಾಡಿಗೆ ಮನೆಗೆ ಯಾರೂ ಸುಣ್ಣ ಬಳಿಯುವುದಿಲ್ಲ. ರಾಮಲಿಂಗಯ್ಯನ ಲೆಕ್ಕಾಚಾರವೂ ಅಷ್ಟೇ ಆಗಿತ್ತು. ಮರ ಕುಯ್ಯುವ ಮಿಷನ್ನನ್ನು ಮಾರಿಬಿಡುವುದು ಎಂದಾದ ಮೇಲೆ ಅದರ ಹೊಟ್ಟೆಯೊಳಕ್ಕೆ ದುಬಾರಿ ಬೇರಿಂಗ್ ಯಾಕೆ? ಕೊಳ್ಳುವವನ ಮುಂದೆ ಒಂದು ಕೊಂಬೆ ಕುಯ್ದು ತೋರಿಸಿದರೆ ಮುಗಿಯಿತು. ಕೊಳ್ಳುವವನು ಯಳಂದೂರು ಕಡೆಯ ಬೆಟ್ಟದ ಜಡಯ್ಯ, ಕಾಫಿ ತೋಟಗಳಲ್ಲಿ ಮರ ಸವರುವವನು, ನಿಮ್ಮ ಮಿಷನ್ ನನಗೇ ಇರಲಿ ಎಂದು ಹೇಳಿ ಹೋಗಿದ್ದ. ಅಂಥವನಿಗೆ ಟೋಪಿ ಹಾಕುವಷ್ಟು ಕೆಟ್ಟವನೇನಲ್ಲ ರಾಮಲಿಂಗಯ್ಯ. ಆದರೆ ಅವತ್ತು ಅವನ ಮನಸ್ಸೆಲ್ಲ ಮನೆಯಲ್ಲಿತ್ತು.

ಕೊಳ್ಳೇಗಾಲದ ಆ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಹೆಂಡತಿ ಭಾಗ್ಯಮ್ಮ ರೇಷ್ಮೆ ಸೀರೆ ನೇಯುತ್ತಿದ್ದಳು. ಇನ್ನೊಂದು ರಾಮಲಿಂಗಯ್ಯನ ಅಪ್ಪನದು, ಜಮಖಾನ ಹೊದ್ದು ವರ್ಷಗಟ್ಟಲೆ ಮಲಗಿತ್ತು. ಅಪ್ಪ ಸತ್ತ ವರ್ಷ ಸೀರೆ ಕೇಳುವವರೇ ಇರಲಿಲ್ಲ. ಆಗ ಮರದ ಕಂಟ್ರಾಕ್ಟರ್ ಒಬ್ಬನ ಹಿಂದೆ ಹೋದವನು ಅಜ್ಜೀಪುರದ ಹೊಲದ ಬದುಗಳಲ್ಲಿ, ಧನಗೆರೆಯ ತೋಟಗಳಲ್ಲಿ ಮರ ಕುಯ್ಯುತ್ತಲೇ ಉಳಿದುಬಿಟ್ಟ. ನೇಯುವ ಕೈಗೆ ಕುಯ್ಯುವ ಬುದ್ಧಿ ಬಂತು ಎಂದು ಬೀದಿಯವರು ಆಡಿಕೊಂಡರು. ಅವನೂ ಅವರ ಜೊತೆ ನಕ್ಕ. ನಕ್ಕರೇನು, ಉಣ್ಣುವಾಗ ಮಾತ್ರ ಆ ಜಮಖಾನಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಈಗ ಕಾಲ ಸ್ವಲ್ಪ ತಿರುಗಿತ್ತು. ಸೀರೆ ಸಾಹುಕಾರರು ಎರಡನೇ ಮಗ್ಗಕ್ಕೂ ರೇಷ್ಮೆಯ ಹಾಸು, ಅಂದರೆ ಸೀರೆಯ ಉದ್ದೆಳೆಗಳ ಸುರುಳಿ, ಕೊಟ್ಟಿದ್ದರು. ಅಮಾವಾಸ್ಯೆಯೊಳಗೆ ನೇಯ್ಗೆ ಶುರುವಾಗದಿದ್ದರೆ ಬೇರೆ ಮನೆಗೆ ಕೊಡುತ್ತೇವೆ ಎಂದೂ ಹೇಳಿದ್ದರು. ಮಿಷನ್ ಮಾರಿ ಅಪ್ಪನ ಮಗ್ಗಕ್ಕೆ ಕೂರುವುದೆಂದು ರಾಮಲಿಂಗಯ್ಯ ತೀರ್ಮಾನಿಸಿದ್ದು ಆಗಲೇ. ಭಾಗ್ಯಮ್ಮ ಜಮಖಾನ ಒಗೆದು ಹಾಕಿ, ಮಗ್ಗದ ಕಂಬಕ್ಕೆ ಅರಿಶಿನ ಕುಂಕುಮ ಇಟ್ಟಳು. ಅಪ್ಪ ನೇಯ್ದು ಬಿಟ್ಟ ಕೊನೆಯ ಸೀರೆಯ ಎಳೆಗಳ ತುದಿಗಳು ಮಗ್ಗದಲ್ಲಿ ಹಾಗೇ ಉಳಿದಿದ್ದವು. ಅವಕ್ಕೆ ಹೊಸ ಹಾಸಿನ ಒಂದೊಂದು ಎಳೆಯನ್ನೂ, ಬೂದಿ ಮುಟ್ಟಿದ ಎರಡು ಬೆರಳ ನಡುವೆ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಂಜೆ ಕೂತು ಕೆಚ್ಚೋಣ, ಬೇಗ ಬಂದುಬಿಡಿ ಎಂದು ಭಾಗ್ಯಮ್ಮ ಬೆಳಗ್ಗೆಯೇ ಹೇಳಿ ಕಳಿಸಿದ್ದಳು. ಮದುವೆಯಾದ ಹೊಸತರಲ್ಲಿ ಕಂಡ ಗೆಲುವು ಅವಳ ಮುಖದಲ್ಲಿತ್ತು.

ಮುತ್ತಯ್ಯನ ರಿಪೇರಿ ಅಂಗಡಿ ಹನೂರು ರಸ್ತೆಯಲ್ಲಿ. ಅವನು ಮಿಷನ್ನಿನ ಇಂಜಿನ್ ಬಿಚ್ಚಿ ಪೇಪರಿನ ಮೇಲೆ ಹರವಿದ್ದ. ಕ್ರ್ಯಾಂಕ್ ಎಂಬ ತಿರುಗುವ ದಂಡದ ಎರಡು ತುದಿಗೆ ಎರಡು ಬೇರಿಂಗ್, ಅವುಗಳ ಆಚೆಗೆ ಗಾಳಿ ಒಳಗೆ ಬಾರದ ಹಾಗೆ ಎರಡು ರಬ್ಬರ್ ಸೀಲು. ಬೇರಿಂಗ್ ಸವೆದು ಕ್ರ್ಯಾಂಕ್ ಅಲ್ಲಾಡಿತ್ತು. ಅದು ಅಲ್ಲಾಡಿ ಸೀಲಿನ ತುಟಿ ತಿಂದಿತ್ತು. ಸೀಲಿನ ಸಂದಿಯಿಂದ ಗಾಳಿ ಎಳೆದುಕೊಂಡು ಇಂಜಿನ್ ಕಾಯುತ್ತಿತ್ತು. ಇನ್ನು ಸ್ವಲ್ಪ ದಿನ ಓಡಿಸಿದ್ದರೆ ಪಿಸ್ಟನ್ನೇ ಕಚ್ಚಿಕೊಳ್ಳುತ್ತಿತ್ತು ಎಂದು ಮುತ್ತಯ್ಯ ಬೈದ. ಇಷ್ಟು ನಡುಗುವ ಮಿಷನ್ ಹಿಡಿದು ಕುಯ್ಯುತ್ತಿದ್ದಿರಲ್ಲ, ಕೈಗೆ ಗೊತ್ತಾಗಲಿಲ್ಲವೇ ಎಂದೂ ಕೇಳಿದ. ರಾಮಲಿಂಗಯ್ಯ ಎದುರಿಗಿಟ್ಟಿದ್ದ ಎರಡು ಬಗೆಯ ಹೊಸ ಬೇರಿಂಗುಗಳಲ್ಲಿ ಕಡಿಮೆ ಬೆಲೆಯದರ ಕಡೆ ಕೈ ತೋರಿಸಿದ.

ಮುತ್ತಯ್ಯ ಒಪ್ಪಲಿಲ್ಲ. ಅಳತೆ ಎರಡರದೂ ಒಂದೇ, ಆದರೆ ಇದು ನೀರೆತ್ತುವ ಮೋಟಾರಿನದು ಎಂದ. ಮರ ಕುಯ್ಯುವ ಮಿಷನ್ ತಿರುಗುವ ವೇಗವೇ ಬೇರೆ. ಕಾದು ಹಿಗ್ಗಿದಾಗ ಒಳಗೆ ಚೂರು ಸಡಿಲ ಇರಬೇಕು, ಕಂಪನಿಯ ಬೇರಿಂಗಿನಲ್ಲಿ ಅದಿದೆ, ಇದರಲ್ಲಿಲ್ಲ. ಸೀಲೂ ಹಾಗೇ, ಅಗ್ಗದ್ದು ಬಿಸಿಗೆ ಒಣಗಿ ಬಿರುಕು ಬಿಡುತ್ತದೆ. ನಾಳೆ ಜಡಯ್ಯ ಬಂದು ಬೈಯುವುದು ನನ್ನನ್ನು, ನಿಮ್ಮನ್ನಲ್ಲ ಎಂದು ಬೇರಿಂಗುಗಳನ್ನೆಲ್ಲ ಮುಂದಕ್ಕೆ ತಳ್ಳಿದ.

"ತಕಳಿ ಅಣ್ಣ, ಬೆರಳಿಗೆ ಸಿಕ್ಕಿಸ್ಕಂಡು ತಿರುಗ್ಸಿ. ನಾನೇಳೋದ್ ಬ್ಯಾಡ, ನಿಮ್ ಬೆರಳೇ ಏಳ್ತದೆ."

ರಾಮಲಿಂಗಯ್ಯ ಒಂದನ್ನು ತಿರುಗಿಸಿದ, ಇನ್ನೊಂದನ್ನು ತಿರುಗಿಸಿದ. ಕುಂತೂರು ಫ್ಯಾಕ್ಟರಿಯ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿದ್ದ ಸದ್ದಿನಲ್ಲಿ ಕಿವಿಗೆ ಏನೂ ಕೇಳಲಿಲ್ಲ. ಬೆರಳಂತೂ ಏನನ್ನೂ ಹೇಳಲಿಲ್ಲ. ಮುತ್ತಯ್ಯ ಕಾಯುತ್ತಿದ್ದ. ಏನಾದರೊಂದು ಹೇಳಬೇಕಲ್ಲ ಎಂದು ಮೂರನೆಯದೊಂದನ್ನು ಎತ್ತಿ ತಿರುಗಿಸಿ, "ಇದೇ ನುಣ್ಣುಗದೆ ಕಣ್ಲಾ, ಇದ್ನೇ ಆಕು" ಎಂದ.

ಅದು ಅವನ ಮಿಷನ್ನಿನಿಂದಲೇ ಬಿಚ್ಚಿದ್ದ ಹಳೆಯ ಬೇರಿಂಗು. ಪೆಟ್ರೋಲಿನಲ್ಲಿ ತೊಳೆದಿಟ್ಟಿದ್ದರಿಂದ ಹೊಸದರ ಹಾಗೆ ಹೊಳೆಯುತ್ತಿತ್ತು. ತಿರುಗಿಸಿದರೆ ಹಿಟ್ಟಿನಲ್ಲಿ ಮರಳು ಸಿಕ್ಕ ಹಾಗೆ ಕರಕರ ಎನ್ನುವಂಥದ್ದು. ಮುತ್ತಯ್ಯ ತಮಾಷೆಯೆಂದು ನಕ್ಕ. ಆಮೇಲೆ ರಾಮಲಿಂಗಯ್ಯನ ಮುಖ ನೋಡಿ ನಗು ನಿಲ್ಲಿಸಿದ. ಕೈ ಕೊಡಿ ಎಂದು ಹಿಡಿದು, ಆಚೆ ನೋಡಿ ಎಂದು ಹೇಳಿ, ತಂತಿಯ ತುದಿಯಿಂದ ಬೆರಳುಗಳನ್ನು ಚುಚ್ಚಿದ. ಚುಚ್ಚುವುದಾದರೆ ಚುಚ್ಚು, ಯಾಕೆ ಸುಮ್ಮನಾದೆ ಎಂದು ರಾಮಲಿಂಗಯ್ಯ ಕೇಳಿದ. ಮುತ್ತಯ್ಯ ಆಗಲೇ ಚುಚ್ಚಿ ಮುಗಿಸಿದ್ದ.

ಚಳಿಯ ಬೆಳಗುಗಳಲ್ಲಿ ಬೆರಳುಗಳು ಬೆಳ್ಳಗೆ ಬಿಳಿಚಿಕೊಳ್ಳುತ್ತಿದ್ದುದು ರಾಮಲಿಂಗಯ್ಯನಿಗೆ ಗೊತ್ತಿತ್ತು. ಇದು ಮಿಷನ್ನಿನ ನಡುಕದಿಂದ ಬಂದದ್ದು, ಅದನ್ನು ಬಿಡು ಎಂದು ಡಾಕ್ಟರೂ ಹೇಳಿದ್ದರು. ಬಿಟ್ಟರೆ ಸರಿಹೋಗುತ್ತದೆ ಎಂದು ಅವನು ತಾನೇ ಸೇರಿಸಿಕೊಂಡಿದ್ದ. ಭಾಗ್ಯಮ್ಮನಿಗೆ ಒಂದು ಮಾತೂ ಹೇಳಿರಲಿಲ್ಲ. ಯಾವ ಬೇರಿಂಗ್ ಹಾಕಲಿ ಎಂದು ಮುತ್ತಯ್ಯ ಮೆತ್ತಗೆ ಕೇಳಿದಾಗ, ಸಂಜೆ ಫೋನ್ ಮಾಡಿ ಹೇಳುತ್ತೇನೆ ಎಂದು ಎದ್ದ.

ಮನೆಯಲ್ಲಿ ಭಾಗ್ಯಮ್ಮ ಬೂದಿ ಬಟ್ಟಲು ಇಟ್ಟುಕೊಂಡು ಕಾಯುತ್ತಿದ್ದಳು. ಇಬ್ಬರೂ ಅಕ್ಕಪಕ್ಕ ಕೂತರು. ಅಪ್ಪನ ಎಳೆಯ ತುದಿ ಎತ್ತಿ, ಹೊಸ ಎಳೆ ಸೇರಿಸಿ, ರಾಮಲಿಂಗಯ್ಯ ಹೊಸೆದ. ಎಳೆ ಬೆರಳ ನಡುವೆ ಇದೆಯೋ ಬಿತ್ತೋ ಬಗ್ಗಿ ನೋಡದೆ ತಿಳಿಯುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನು ಬೂದಿ ಸರಿಯಿಲ್ಲ ಎಂದ, ಬೆಳಕು ಸಾಲದು ಎಂದ. ಭಾಗ್ಯಮ್ಮ ಎದ್ದು ಇನ್ನೊಂದು ದೀಪ ಹಾಕಿದಳು. ಆಮೇಲೆ ಕೆಲಸ ಸಾಗುತ್ತಿದೆ ಎನಿಸಿತು. ಬೆವರು ಒರೆಸಿಕೊಳ್ಳಲು ಅವನು ತಲೆಯೆತ್ತಿದಾಗ, ತಾನು ಕೆಚ್ಚಿ ಮುಂದೆ ಹೋದ ಎಳೆಗಳನ್ನು ಹೆಂಡತಿ ಸದ್ದಿಲ್ಲದೆ ಒಂದೊಂದಾಗಿ ಮತ್ತೆ ಕೆಚ್ಚುತ್ತಿರುವುದು ಕಂಡಿತು. ಅವನು ಹೊಸೆದದ್ದೆಲ್ಲ ಬಿಚ್ಚಿಕೊಂಡಿತ್ತು.

"ಯಾವಾಗ್ಲಿಂದ ಗೊತ್ತು ನಿಂಗೆ?"

"ಓದ ಚಳಿಗಾಲ. ಕಾಪಿ ಲೋಟ ಕೈ ಸುಟ್ರೂ ಇಡ್ಕಂಡೇ ಕೂತಿದ್ರಿ" ಎಂದಳು. ಇನ್ನೊಂದು ಎಳೆ ಹೊಸೆದು, "ಮಗ್ಗ ಇಡುದ್ರೆ ಬೆರಳ್ಗೆ ಗ್ಯಾನ ವಾಪಸ್ ಬತ್ತದೇನೋ ಅಂತ ನಾನು ಅಂದ್ಕಂಡಿದ್ದಿ" ಎಂದಳು.

ಅವನೂ ಅದನ್ನೇ ಅಂದುಕೊಂಡಿದ್ದ. ನೇಯುವಾಗ ದಿನವಿಡೀ ಎಳೆ ಕಡಿಯುತ್ತಲೇ ಇರುತ್ತದೆ. ಕಡಿದದ್ದನ್ನು ಕೆಚ್ಚಲಾರದವನು ಮಗ್ಗದಲ್ಲಿ ಕೂತು ಏನು ಮಾಡುತ್ತಾನೆ? ಅವಳೊಬ್ಬಳಿಂದ ಎರಡು ಮಗ್ಗಕ್ಕೆ ಓಡಾಡಲಾಗುವುದಿಲ್ಲ. ರಾಮಲಿಂಗಯ್ಯ ಫೋನ್ ತೆಗೆದು ಮುತ್ತಯ್ಯನಿಗೆ ಹಚ್ಚಿದ.

"ಕಂಪ್ನಿದೇ ಆಕ್ಬುಡು. ಬೇರಿಂಗೂ, ಸೀಲೂ. ಜಡಯ್ಯಂಗೆ ನಾನೇ ಏಳ್ತೀನಿ. ಮಿಷನ್ ಮಾರಾಕಿಲ್ಲ."

ಆ ಕೈಯಲ್ಲಿ ಇನ್ನೂ ಕುಯ್ಯುತ್ತೀರಾ ಎಂದು ಮುತ್ತಯ್ಯ ಕೇಳಿರಬೇಕು.

"ಕುಯ್ಯಾಕೆ ಬೆರಳು ಬೇಕಿಲ್ಲ ಕಣ್ಲಾ. ಮುಷ್ಟಿ ಇದ್ರೆ ಸಾಕು."

ಭಾಗ್ಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬೇಡ ಎನ್ನಲು ಅವಳ ಹತ್ತಿರ ಬೇರೆ ದಾರಿ ಇರಲಿಲ್ಲ. ಹೊಸ ಹಾಸನ್ನು ಸುತ್ತಿ, ನಾಳೆ ಸಾಹುಕಾರರಿಗೆ ವಾಪಸು ಕೊಟ್ಟು ಬರುತ್ತೇನೆ ಎಂದಳು. ಆಮೇಲೆ ಒದ್ದೆ ಬಟ್ಟೆ ತಂದು ಅವನ ಮುಂದೆ ಕೂತು, ಬೆರಳುಗಳಿಗೆ ಮೆತ್ತಿದ್ದ ಬೂದಿಯನ್ನು ಒರೆಸತೊಡಗಿದಳು. ಅವನಿಗೆ ಅಳು ಬಂತು. ಆದರೂ ಕಣ್ಣು ಮುಚ್ಚಲಿಲ್ಲ. ಅವಳು ಯಾವ ಬೆರಳನ್ನು ಹಿಡಿದಿದ್ದಾಳೆಂದು ತಿಳಿಯಲು ಅವನು ನೋಡುತ್ತಲೇ ಇರಬೇಕಿತ್ತು.