ಯಾರ ಮನೆ, ಯಾವ ದಿನ

ಶಿವಲಕ್ಷ್ಮಿ ಹೊದಿಕೆಯೊಳಗಿಂದ ಪಾಪಕ್ಕನ ಬಲಗೈಯನ್ನು ಹೊರಗೆಳೆದಳು.

“ಮುಟ್ಟಬ್ಯಾಡ ಕಣೆ!” ಮೈಲಾರಮ್ಮ ಗದರಿದಳು. “ಹೆಣ ಮುಟ್ಟಿದೋರ್ನ ಇವತ್ತು ಯಾರೂ ಹುಳುಮನೆಗೆ ಸೇರ್ಸಲ್ಲ. ಮುಟ್ಟದಿರೋ ನಾವಾದ್ರೆ ತಲೆಗೆ ನೀರು ಹಾಕ್ಕಂಡು ಹೋಗ್ಬೋದು.”

“ಹೋಗೋ ಮನೆ ಯಾವ್ದು ಅಂತ್ಲೇ ಗೊತ್ತಿಲ್ವಲ್ಲಕ್ಕ.”

ಪಾಪಕ್ಕನ ಮಗ ನರೇಶ್ ಅವ್ವನ ಫೋನು ಹಿಡಿದು ಪಕ್ಕದಲ್ಲಿ ಕುಕ್ಕರಿಸಿದ್ದ. ಮಡಕಶಿರದಲ್ಲಿ ಆಟೊ ಓಡಿಸುವವನು. ರಾತ್ರಿಯೆಲ್ಲ ಅತ್ತು ಮುಖ ಊದಿತ್ತು. “ಲಾಕ್ ನಂಬರು ನಾನೇ ಹಾಕ್ಕೊಟ್ಟಿದ್ದೆ, ಮರ್ತೋಯ್ತು. ಅವ್ವ ಬೆರಳಲ್ಲೇ ತೆಗೀತಿದ್ಲು,” ಎಂದ. “ನೀನೇ ಒತ್ತಮ್ಮ. ನನ್ ಕೈಲಾಗಲ್ಲ.”

ಪಾಪಕ್ಕ ಆರು ಹೆಂಗಸರ ಗುಂಪನ್ನು ನಡೆಸುತ್ತಿದ್ದವಳು. ರೇಷ್ಮೆಹುಳು ಹಣ್ಣಾದ ಮನೆಗೆ ಹೋಗಿ, ಹುಳು ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು ಅವರ ಕೆಲಸ. ಹಣ್ಣಾದ ಹುಳು ಯಾರ ಸಾವಿಗೂ ಕಾಯುವುದಿಲ್ಲ. ಅರ್ಧ ದಿನ ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಯಾರ ಮನೆಗೆ ಹೋಗಬೇಕೆಂದು ಪಾಪಕ್ಕ ದಿನಾ ಬೆಳಿಗ್ಗೆ ಫೋನು ಕೇಳಿ ಹೇಳುತ್ತಿದ್ದಳು. ಇವತ್ತೂ ಯಾರದೋ ಮನೆ ಇತ್ತು. ಸಾವಿನ ಮನೆಗೆ ಫೋನು ಮಾಡಿ ಆಳು ಕೇಳುವ ಮುಖ ಯಾರಿಗಿರುತ್ತದೆ? ಕೇಳದೆಯೇ ಪಾವಗಡದ ಕಡೆಯ ಗುಂಪನ್ನು ಕರೆಸಿಬಿಡುತ್ತಾರೆ. ಒಮ್ಮೆ ಕರೆಸಿದರೆ ಮತ್ತೆ ಇವರನ್ನು ಕರೆಯುವುದಿಲ್ಲ. ಶಿವಲಕ್ಷ್ಮಿಗೆ ಬೇರೆ ದುಡಿಮೆಯಿರಲಿಲ್ಲ.

ಹೆಬ್ಬೆರಳು ತಣ್ಣಗಿತ್ತು. ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರು ತಿಂದು ನುಣ್ಣಗಾಗಿತ್ತು. ಒತ್ತಿದಳು. ಫೋನು ಸಣ್ಣಗೆ ನಡುಗಿತು, ತೆರೆಯಲಿಲ್ಲ. ಸೆರಗಿನಿಂದ ಬೆರಳು ಒರೆಸಿ ಮತ್ತೆ ಒತ್ತಿದಳು. ಆಗಲೂ ಇಲ್ಲ.

“ಬದುಕಿದ್ದಾಗ್ಲೇ ರೇಷನ್ ಮಿಷನ್ನು ಅವಳ ಬೆರಳು ಒಪ್ತಿರ್ಲಿಲ್ಲ. ಈಗ ಇದು ಒಪ್ತದಾ? ಇಡಮ್ಮಿ ಕೈ,” ಎಂದಳು ಮೈಲಾರಮ್ಮ.

ಶಿವಲಕ್ಷ್ಮಿ ಕೈಯನ್ನು ಒಳಗಿಟ್ಟು ಹೊದಿಕೆ ಸರಿಮಾಡಿದಳು. ಮುಟ್ಟಿದ್ದೂ ಆಯಿತು, ಮನೆಯೂ ತಿಳಿಯಲಿಲ್ಲ.

*

ಹೋದ ಯುಗಾದಿಯ ತನಕ ಎಲ್ಲವೂ ಗೋಡೆಯ ಮೇಲಿತ್ತು, ಗೊಬ್ಬರದಂಗಡಿಯ ಕ್ಯಾಲೆಂಡರಿನಲ್ಲಿ. ಪಾಪಕ್ಕನಿಗೆ ಬರೆಯಲು ಬಾರದು. ಬಾವಿಯಿದ್ದ ಮನೆಗೆ ಸೊನ್ನೆ, ಹುಣಸೆಮರದ ಮನೆಗೆ ಗೀಟು. ಚಳಿಗೆ ಹುಳು ನಿಧಾನವಾದರೆ ಗುರುತನ್ನು ಎಂಜಲು ಹಚ್ಚಿ ಉಜ್ಜಿ, ಮುಂದಿನ ಚೌಕಕ್ಕೆ ಹಾಕುತ್ತಿದ್ದಳು. ಉಜ್ಜಿದಲ್ಲೆಲ್ಲ ಕಾಗದ ತೂತು.

ನರೇಶ್ ಫೋನು ತಂದ. “ಮಾತಾಡಿದ್ರೆ ಸಾಕವ್ವ, ಇಟ್ಕಂತದೆ. ಬೆಳಿಗ್ಗೆ ಒತ್ತು, ಹೇಳ್ತದೆ.”

“ಗೋಡೆ ಎಲ್ಲಿಗೂ ಕಳ್ದೋಗಲ್ಲ ಕಣೋ. ಚಾರ್ಜೂ ಕೇಳಲ್ಲ.”

“ಗೋಡೆ ಮೇಲಿಂದು ಕಾಣ್ತದಾ ನಿಂಗೆ?”

ಕಾಣುತ್ತಿರಲಿಲ್ಲ. ಆ ಹಿಂದಿನ ತಿಂಗಳು ಎರಡು ಮನೆಯ ಗುರುತು ಅದಲುಬದಲಾಗಿ ಬೈಸಿಕೊಂಡಿದ್ದಳು. ಫೋನು ಇಟ್ಟುಕೊಂಡಳು. ಬಾಯಿಯ ಹತ್ತಿರ ಹಿಡಿದು, ಕಿವುಡರೊಡನೆ ಮಾತಾಡುವಂತೆ ಕೂಗುತ್ತಿದ್ದಳು: “ಸುಕ್ರವಾರ ಅನ್ನದಾನಮ್ಮನ ಮನೆ! ಜಾಸ್ತಿ ಹುಳ!”

ಕ್ಯಾಲೆಂಡರಿನ ಚೌಕದಲ್ಲಿ ಒಂದೇ ಗುರುತು ಹಿಡಿಯುತ್ತಿತ್ತು. ಕೇಳಿ ಬಂದವರಿಗೆ ಗೋಡೆ ತೋರಿಸಿ, ಜಾಗವಿಲ್ಲವೆಂದು ಕಳಿಸುತ್ತಿದ್ದಳು. ಫೋನಿನಲ್ಲಿ ಚೌಕವಿರಲಿಲ್ಲ. ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಒಂದು, ಕತ್ತಲಾದ ಮೇಲೂ ಬ್ಯಾಟರಿ ಬೆಳಕಲ್ಲಿ ಇನ್ನೊಂದು. ಎಷ್ಟು ಹೇಳಿದರೂ ಅದು ಇಟ್ಟುಕೊಳ್ಳುತ್ತಿತ್ತು. ನಿನ್ನೆ ಮೂರನೇ ಮನೆ ಮುಗಿಸಿ ಬರುವಾಗ ಹೊಲದ ಬದುವಿನ ಮೇಲೆ ಕೂತಳು. “ನೀವ್ ನಡೀರಿ, ಬತ್ತೀನಿ,” ಅಂದಳು. ಬರಲಿಲ್ಲ.

*

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಮೈಲಾರಮ್ಮ ಬಂದವರನ್ನೆಲ್ಲ ಒಂದು ಸುತ್ತು ನೋಡಿದಳು.

“ಎಲ್ಲಾ ಬಂದವ್ರೆ. ಆ ಹನುಮಂತರಾಯಪ್ಪ ಒಬ್ಬನಿಲ್ಲ ನೋಡು. ಇಪ್ಪತ್ತು ವರ್ಷ ಅವನ ಹುಳ ಆಯ್ದವಳು. ಕೂಗಿದ್ರೆ ಕೇಳೋ ಅಷ್ಟು ದೂರ. ಒಂದ್ ಹಾರ ತರೋಕೂ ಗತಿಯಿಲ್ವಾ?”

“ಅವನ ಹೆಂಡ್ತಿ?”

“ಆ ಮನೇದು ಒಂದು ನರಪಿಳ್ಳೆ ಬಂದಿಲ್ಲ.”

ಶಿವಲಕ್ಷ್ಮಿ ಎದ್ದು ನಿಂತಳು. “ಹುಳ ಹಣ್ಣಾಗಿರೋ ಮನೆಯೋರು ಸಾವಿಗೆ ಬರ್ತಾರೇನಕ್ಕ?”

ಮೈಲಾರಮ್ಮ ತನ್ನ ಬಾಯಿಗೆ ಹೊಡೆದುಕೊಂಡು, “ಥೂ, ನನ್ ಬಾಯಿಗಿಷ್ಟು,” ಎಂದಳು.

ಮಣ್ಣು ಮುಗಿಸಿ, ತಲೆಗೆ ನೀರು ಹಾಕಿಕೊಂಡು, ನಾಲ್ವರು ಹೊರಟರು. ಯಾರಿಗೂ ಅಳಲು ಬಿಡುವಾಗಿರಲಿಲ್ಲ. ಶಿವಲಕ್ಷ್ಮಿ ಅವರನ್ನು ಮುಟ್ಟದೆ, ದೂರ ಬಿಟ್ಟು ಹಿಂದೆ ನಡೆದಳು.

ಹನುಮಂತರಾಯಪ್ಪ ಹುಳುಮನೆಯ ಬಾಗಿಲಲ್ಲಿದ್ದ. ಹೆಂಡತಿಯೊಬ್ಬಳೇ ಒಳಗೆ ಹುಳು ಆಯುತ್ತಿದ್ದಳು. ಇವರನ್ನು ನೋಡಿ ಅವನು ಪಕ್ಕಕ್ಕೆ ಸರಿದ. ನಾಲ್ವರನ್ನು ಒಳಗೆ ಬಿಟ್ಟು ಐದನೆಯವಳಿಗೆ ಕೈ ಅಡ್ಡ ಹಿಡಿದ.

“ಮುಟ್ಟಿದ್ಯೇನಮ್ಮ?”

“ಹ್ಞೂಂ.”

“ಹಂಗಾದ್ರೆ ಅಲ್ಲೇ ಇರು.”

ಒಳಗೆ ಹೋದವನು ಸ್ವಲ್ಪ ಹೊತ್ತಿಗೆ ಕಿಟಕಿಯ ನೈಲಾನ್ ಬಲೆಯ ಹಿಂದೆ ಬಂದು ನಿಂತ. “ನಂಗೆ ಪಾಪಕ್ಕನ ಮುಖ ನೋಡೋಕಾಗ್ಲಿಲ್ಲ. ಹೆಂಗಿದ್ಲು?”

ಶಿವಲಕ್ಷ್ಮಿ ಯೋಚಿಸಿದಳು. “ಸುಸ್ತಾದಂಗಿದ್ಲು.”

ಅವನು ತಲೆಯಾಡಿಸಿದ. ಹೋಗಲಿಲ್ಲ. “ನಾಳಿದ್ದು ನಮ್ ತಮ್ಮಂದೂ ಹಣ್ಣಾಗ್ತದೆ. ಇನ್ಮೇಲೆ ಯಾರ್ನ ಕೇಳೋದಮ್ಮ?”

“ನನ್ನೇ ಕೇಳಣ್ಣ.”

ಬಲೆಯಾಚೆ, ಹಳದಿ ತಿರುಗಿದ ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ, ಹಿಡಿಯಲು ಏನಾದರೂ ಸಿಕ್ಕೀತೇ ಎಂದು ಗಾಳಿಯಲ್ಲಿ ತಡಕಾಡುತ್ತಿದ್ದವು. ದಾರಿತಪ್ಪಿ ಬಲೆ ಹತ್ತಿದ್ದ ಒಂದು ಹುಳು, ಅವಳು ಆನಿಸಿದ್ದ ಅಂಗೈಯ ಹತ್ತಿರ ಮೊದಲ ಎಳೆ ಅಂಟಿಸುತ್ತಿತ್ತು.