ಇಬ್ಬರು ಹಿಡಿದ ವಿಮಾನ

ಮಹಾಬಲೇಶ್ವರ ಅಂಕಲ್ ಒಬ್ಬರೇ ವಿಮಾನ ಹಾರಿಸುವ ದಿನಕ್ಕೆ ಅವರ ಹೆಂಡತಿ ಸರೋಜಾ ಆಂಟಿ ಕ್ಯಾಲೆಂಡರಿನಲ್ಲಿ ಅರಿಸಿನದ ಬೊಟ್ಟಿಟ್ಟಿದ್ದರು. ಯುಗಾದಿ ಕಳೆದು ಬರುವ ಶನಿವಾರ. ಹತ್ತೂವರೆಯವರೆಗೆ ರಾಹುಕಾಲ, ಆದ್ದರಿಂದ ಹನ್ನೊಂದು ಗಂಟೆಗೆ. ಡಲ್ಲಾಸ್ ಸುತ್ತಮುತ್ತಲಿನ ಕನ್ನಡದವರು ಮೂವತ್ತು ಜನ ಏರ್‌ಫೀಲ್ಡಿಗೆ ಬಂದು ನೋಡಿ, ಆಮೇಲೆ ಲಿಟಲ್ ಎಲ್ಮ್‌ನ ಮನೆಗೆ ಊಟಕ್ಕೆ ಬರುವವರಿದ್ದರು. ಬಿಸಿಬೇಳೆ ಬಾತಿನ ಪುಡಿ ಮಾಡಿ ಆಗಿತ್ತು. ಚಿರೋಟಿ ಗುರುವಾರ ಕರಿಯುವುದೆಂದು ನಿಶ್ಚಯವಾಗಿತ್ತು.

ಎಲ್ಲವೂ ಆಗಿತ್ತು, ಒಂದು ಸಹಿಯ ಹೊರತು. ಕಲಿಯುವವರನ್ನು ಮೊದಲ ಸಲ ಒಬ್ಬರೇ ಕಳಿಸಬೇಕಾದರೆ, ಇವರು ಹೋಗಬಹುದು ಎಂದು ಕಲಿಸಿದವರು ಅವರ ಹಾರಾಟದ ಲೆಕ್ಕದ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಅಂಕಲ್‌ಗೆ ಕಲಿಸಿದವಳು ನಳಿನಿ. ಇಪ್ಪತ್ತೈದರ ಹುಡುಗಿ, ಅವರದೇ ಮನೆಯ ಮಹಡಿಯ ಕೋಣೆಯಲ್ಲಿ ಇರುವವಳು.

ನಳಿನಿಯ ಅಪ್ಪನದು ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯಲ್ಲಿ ದಿನಸಿ ಅಂಗಡಿ. ಆಸ್ಟಿನ್ನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವಳು ಎರಡನೆಯ ವರ್ಷಕ್ಕೇ ಬಿಟ್ಟು, ವಿಮಾನ ಹಾರಿಸಲು ಕಲಿಯುತ್ತೇನೆ ಎಂದಾಗ ಅಪ್ಪ ಮಾತು ಬಿಟ್ಟರು. ಆಗ ಅಪ್ಪನ ಹಳೆಯ ಸ್ನೇಹಿತ ಮಹಾಬಲೇಶ್ವರ ಅಂಕಲ್ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಮ್ಮನೇಲಿ ಇರ್ಲಿ ಬಿಡೋ, ಮಹಡಿ ಮೇಲಿನ ರೂಮು ಸುಮ್ನೆ ಬಿದ್ದಿದೆ." ನಾಲ್ಕು ವರ್ಷ ಅವಳು ಅಲ್ಲಿದ್ದಳು. ಇನ್‌ಸ್ಟ್ರಕ್ಟರ್ ಪರೀಕ್ಷೆ ಪಾಸು ಮಾಡಿ ವಿಮಾನ ಕಲಿಸುವ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಎರಡು ವಾರ ಅವಳ ಹತ್ತಿರ ಕಲಿಯಲು ಯಾರೂ ಬರಲಿಲ್ಲ. ದನಿಯೇ ಏಳದ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಸಣ್ಣ ಹುಡುಗಿಯನ್ನು ನೋಡಿ ಬಂದವರೆಲ್ಲ ಬೇರೆಯವರ ಕಡೆಗೆ ಹೊರಳುತ್ತಿದ್ದರು. ಮೂರನೆಯ ವಾರ ರಿಚರ್ಡ್‌ಸನ್ ಊರಿನ ತಮ್ಮ ಆಫೀಸಿನಿಂದ ಟೈ ಕೂಡ ಬಿಚ್ಚದೆ ಅಂಕಲ್ ಬಂದು ಕೌಂಟರಿನ ಮುಂದೆ ನಿಂತರು. "ನಿನ್ನ ಮೊದಲನೇ ಶಿಷ್ಯ ನಾನೇ ಕಣಮ್ಮ. ಐವತ್ತೆರಡು ವರ್ಷ ಆಯ್ತು. ತಲೆಗೆ ಹತ್ತುತ್ತೋ ಇಲ್ವೋ ನೀನೇ ನೋಡು."

ಹತ್ತಿತು. ಅಂಕಲ್ ಚೆನ್ನಾಗಿಯೇ ಕಲಿತರು. ತೊಂದರೆ ಇದ್ದದ್ದು ಬೇರೆ ಕಡೆ.

ಕಲಿಸುವ ವಿಮಾನದಲ್ಲಿ ಎರಡೇ ಸೀಟು, ಎರಡು ಸೀಟಿನ ಮುಂದೆಯೂ ವಿಮಾನ ನಡೆಸುವ ಒಂದೊಂದು ಹಿಡಿ, ಕಾಲಡಿಯಲ್ಲಿ ಪೆಡಲು. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಅದಕ್ಕೇ ಕಟ್ಟುನಿಟ್ಟಾದ ಒಂದು ನಿಯಮವಿದೆ. "ವಿಮಾನ ನನ್ನದು" ಎಂದು ಒಬ್ಬರು ಹೇಳಿದ ಕೂಡಲೇ ಇನ್ನೊಬ್ಬರು "ನಿಮ್ಮದು" ಎಂದು ಹೇಳಿ, ಕೈ ಕಾಲು ಎರಡನ್ನೂ ತೆಗೆಯಬೇಕು. ಅರ್ಧ ಬಿಡುವುದು, ಸ್ವಲ್ಪ ಹಿಡಿದಿರುವುದು ಎಂಬುದಿಲ್ಲ. ಬೇರೆ ಶಿಷ್ಯರ ಜೊತೆ ನಳಿನಿಗೆ ಅದು ಸಲೀಸಾಗಿ ಬರುತ್ತಿತ್ತು. ಊಟಕ್ಕೆ ಕೂತಾಗ ತಮಗಿಂತ ಮೊದಲು ಅವಳ ತಟ್ಟೆಗೆ ತುಪ್ಪ ಬಡಿಸುವ ಮನುಷ್ಯನಿಗೆ "ನನ್ನದು, ಬಿಡಿ" ಎನ್ನಲು ಮಾತ್ರ ಅವಳ ನಾಲಿಗೆ ಏಳಲಿಲ್ಲ. ಮೊದಲ ದಿನವೇ ಅವಳು, "ಅಂಕಲ್, ಸ್ವಲ್ಪ ನಾನು ನೋಡ್ಲಾ?" ಎಂದಿದ್ದಳು. ಅವರು "ನೋಡಮ್ಮ" ಎಂದಿದ್ದರು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಅವರು ಹಿಡಿಯ ಮೇಲೆ ಎರಡು ಬೆರಳಿಟ್ಟುಕೊಂಡೇ ಇರುತ್ತಿದ್ದರು. ಅವಳು ಅದನ್ನು ಕಂಡೂ ಸುಮ್ಮನಿರುತ್ತಿದ್ದಳು.

ಬುಧವಾರ ಸಂಜೆ ಐದಕ್ಕೆ ಇಬ್ಬರೂ ಊರ ಪಕ್ಕದ ದೊಡ್ಡ ಕೆರೆಯ ಮೇಲೆ ಮೂರೂವರೆ ಸಾವಿರ ಅಡಿಯಲ್ಲಿದ್ದರು. ಅವತ್ತಿನ ಪಾಠ ಸ್ಟಾಲು. ಮೂಗು ಮೇಲಕ್ಕೆತ್ತುತ್ತ ಹೋದರೆ ಒಂದು ಹಂತದಲ್ಲಿ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಕುಸಿಯುತ್ತದೆ. ಎಂಜಿನ್ನಿಗೇನೂ ಆಗಿರುವುದಿಲ್ಲ, ಕುಸಿಯುವುದು ರೆಕ್ಕೆ. ಆಗ ಮನಸ್ಸು ಬೇಡ ಬೇಡ ಎನ್ನುವುದನ್ನೇ ಮಾಡಬೇಕು. ಹಿಡಿಯನ್ನು ಮುಂದಕ್ಕೆ ತಳ್ಳಿ ಮೂಗನ್ನು ನೆಲದ ಕಡೆಗೆ ಇಳಿಸಬೇಕು. ಒಂದು ರೆಕ್ಕೆ ಮೊದಲು ಬಿದ್ದರೆ ಕಾರಿನ ಸ್ಟೀರಿಂಗಿನ ಹಾಗೆ ಹಿಡಿ ತಿರುಗಿಸಿ ಎತ್ತಲು ಹೋಗಬಾರದು. ಕಾಲಿನ ಪೆಡಲಿನಿಂದ ಸರಿಮಾಡಬೇಕು. ತಪ್ಪಿದರೆ ವಿಮಾನ ತನ್ನ ಸುತ್ತ ತಾನೇ ಸುತ್ತುತ್ತ ಕೆಳಕ್ಕಿಳಿಯುತ್ತದೆ. ಅದು ಸ್ಪಿನ್.

ಎರಡು ಸಲ ಅಂಕಲ್ ಸರಿಯಾಗಿ ಮಾಡಿದರು. ಮೂರನೆಯ ಸಲ ಎಡರೆಕ್ಕೆ ತಟಕ್ಕನೆ ಬಿತ್ತು. ಇಪ್ಪತ್ತು ವರ್ಷ ಕಾರು ಓಡಿಸಿದ ಕೈ ಯೋಚಿಸಲಿಲ್ಲ. ಹಿಡಿಯನ್ನು ಬಲಕ್ಕೆ ಪೂರ್ತಿ ತಿರುಗಿಸಿಬಿಟ್ಟಿತು. ಕಿಟಕಿಯಿಂದ ಆಕಾಶ ಮಾಯವಾಯಿತು. ಎದುರಿನ ಗಾಜಿನ ತುಂಬ ಕೆರೆ, ಕೆರೆಯ ದಂಡೆ, ಹೊಸ ಮನೆಗಳ ಸಾಲು, ಮತ್ತೆ ಕೆರೆ ಸುತ್ತತೊಡಗಿದವು.

"ಅಂಕಲ್, ಸ್ವಲ್ಪ ನಾನು ನೋಡ್ಲಾ?"

"ನೋಡಮ್ಮ, ನೋಡು."

ನಳಿನಿ ಎಂಜಿನ್ ತಗ್ಗಿಸಿದಳು. ಬಲಗಾಲಿನಲ್ಲಿ ಪೆಡಲನ್ನು ಕೊನೆಯವರೆಗೂ ಒತ್ತಿ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ಅದು ಹೋಗಲಿಲ್ಲ. ಗೋಡೆಯನ್ನು ತಳ್ಳಿದಂತಾಯಿತು. ಒಂದು ಸುತ್ತು, ಎರಡು. ಏನೋ ಸಿಕ್ಕಿಹಾಕಿಕೊಂಡಿದೆ, ತಂತಿ ತುಂಡಾಗಿದೆ ಎಂದುಕೊಂಡಳು. ಮೂರು, ನಾಲ್ಕು. ಆಮೇಲೆ ಪಕ್ಕಕ್ಕೆ ನೋಡಿದಳು. ಅಂಕಲ್ ಎರಡೂ ಕೈಯಿಂದ ಹಿಡಿಯನ್ನು ಎದೆಗೆ ಎಳೆದುಕೊಂಡಿದ್ದರು. ಮೊಣಕೈಗಳು ಹೊಟ್ಟೆಗೆ ಆತಿದ್ದವು, ಕಣ್ಣು ಮುಚ್ಚಿದ್ದವು.

ಅವಳು ಮುಷ್ಟಿಯಿಂದ ಅವರ ಮಣಿಕಟ್ಟಿನ ಮೇಲೆ ಗುದ್ದಿದಳು. ಒಂದಲ್ಲ, ಮೂರು ಸಲ. ಮೂರನೆಯದಕ್ಕೆ ಕೈ ಸಡಿಲವಾಯಿತು.

ಸುತ್ತು ನಿಂತು, ಮೂಗು ನಿಧಾನವಾಗಿ ಮೇಲೆ ಬಂದು, ವಿಮಾನ ನೇರವಾದಾಗ ಅವರಿಗೂ ನೀರಿಗೂ ನಡುವೆ ಸಾವಿರ ಅಡಿಯೂ ಇರಲಿಲ್ಲ. ಮೀನು ಹಿಡಿಯುತ್ತಿದ್ದ ದೋಣಿಯೊಂದರಲ್ಲಿ ಯಾರೋ ತಲೆಯೆತ್ತಿ ನೋಡುತ್ತಿರುವುದು ಕಾಣುತ್ತಿತ್ತು.

ಏರ್‌ಫೀಲ್ಡಿಗೆ ಬಂದು ಇಳಿದು ವಿಮಾನಕ್ಕೆ ಹಗ್ಗ ಕಟ್ಟುವಾಗ ಅಂಕಲ್ ಮಣಿಕಟ್ಟು ತಿಕ್ಕಿಕೊಳ್ಳುತ್ತ ನಕ್ಕರು. "ಏನ್ ಕೈ ಮಾರಾಯ್ತಿ ನಿಂದು. ದಸರಾ ಎಗ್ಸಿಬಿಷನ್‌ನಲ್ಲಿ ಜಯಂಟ್ ವೀಲ್ ಹತ್ತಿದ ಹಾಗೆ ಆಯ್ತು."

"ಅಂಕಲ್, ನಾನು ನೋಡ್ಲಾ ಅಂದ್ನಲ್ಲ. ನೀವು ಯಾಕೆ ಬಿಡಲಿಲ್ಲ?"

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಬಿಡೋದಾ? ನೀನು ಒಬ್ಬಳೇ ಎಷ್ಟು ಅಂತ ಎಳೀತೀಯ. ಪಾಪ, ಸಣ್ಣ ಕೈ. ಅದಕ್ಕೇ ನಾನೂ ಸೇರಿ ಎಳ್ದೆ."

ನಳಿನಿ ಹಗ್ಗದ ಗಂಟನ್ನು ಬಿಗಿಯುತ್ತಲೇ ಇದ್ದಳು. ಅವಳು ಎಳೆಯುತ್ತಿರಲಿಲ್ಲ, ತಳ್ಳುತ್ತಿದ್ದಳು. ಅದು ಅವರಿಗೆ ಈಗಲೂ ಗೊತ್ತಾಗಿರಲಿಲ್ಲ.

ಶಾಲೆಯ ಹಿರಿಯ ಇನ್‌ಸ್ಟ್ರಕ್ಟರ್ ವಾಲ್ಟ್, ಅರವತ್ತು ದಾಟಿದ ಟೆಕ್ಸಸ್‌ನವನು, ಅವಳು ಹೇಳಿದ್ದನ್ನೆಲ್ಲ ಅಡ್ಡಮಾತಿಲ್ಲದೆ ಕೇಳಿಸಿಕೊಂಡ. ಕೊನೆಗೆ, ವಿಮಾನ ತೆಗೆದುಕೊಳ್ಳುವಾಗ ನೀನು ನಿಖರವಾಗಿ ಏನು ಹೇಳಿದೆ ಎಂದ. ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹೇಳುವಾಗಲೇ ಕಿವಿ ಬಿಸಿಯಾಯಿತು. ವಾಲ್ಟ್ ಬೈಯಲಿಲ್ಲ. ಕಾಫಿ ಲೋಟವನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿ, ಶನಿವಾರದ ಸಹಿ ನಿನ್ನದು, ಹಾಕುವುದೂ ಬಿಡುವುದೂ ನಿನ್ನದು ಎಂದ. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ರಾತ್ರಿ ಊಟದ ಹೊತ್ತಿಗೆ ಅವಳಿಗೆ ಹೇಳಲಾಗಲಿಲ್ಲ. ಗುರುವಾರ ಬೆಳಿಗ್ಗೆ ಬಾಣಲೆಯ ಮುಂದೆ ಸರೋಜಾ ಆಂಟಿಗೆ ಚಿರೋಟಿ ಲಟ್ಟಿಸಿ ಕೊಡುತ್ತಲೂ ಹೇಳಲಿಲ್ಲ. ಬದಲಾಗಿ ಲೆಕ್ಕಾಚಾರ ಮಾಡಿದಳು. ಅಂಕಲ್ ಒಬ್ಬರೇ ಹೋದರೆ ಸ್ಟಾಲ್ ಮಾಡುವುದಿಲ್ಲ, ಏರ್‌ಫೀಲ್ಡಿನ ಸುತ್ತ ಮೂರು ಸುತ್ತು ಹಾಕಿ ಇಳಿಯುತ್ತಾರೆ, ಅಷ್ಟೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಆಗುವುದಿಲ್ಲ. ಆದರೆ ಇಳಿಯಲು ತಿರುಗುವಾಗ ವಿಮಾನ ಐನೂರು ಅಡಿಯಲ್ಲಿರುತ್ತದೆ. ಅಲ್ಲಿ ರೆಕ್ಕೆ ಬಿದ್ದರೆ ಆ ಕೈ ಮತ್ತೆ ಎದೆಗೇ ಎಳೆದುಕೊಳ್ಳುತ್ತದೆ. ಗುದ್ದಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಶುಕ್ರವಾರ ಸಂಜೆ ಅಂಕಲ್ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದರು. ಆಂಟಿ ಊಟದ ಮೇಜಿನ ಮೇಲೆ ಹುರುಳಿಕಾಯಿ ರಾಶಿ ಹಾಕಿಕೊಂಡು ಹೆಚ್ಚುತ್ತಿದ್ದರು. ನಳಿನಿ ಮೆಟ್ಟಿಲಿಳಿದು ಬಂದು, ಕೂರದೆ ನಿಂತೇ ಹೇಳಿದಳು. "ಅಂಕಲ್, ನಾಳೆ ನಾನು ಸಹಿ ಹಾಕಲ್ಲ."

"ಯಾಕೆ, ಪೆನ್ನಿಲ್ವಾ?" ಎಂದು ನಗುತ್ತ ತಲೆಯೆತ್ತಿದವರು ಅವಳ ಮುಖ ನೋಡಿ ನಗು ನಿಲ್ಲಿಸಿದರು. "ಒಂದೇ ಒಂದು ತಪ್ಪಿಗಾ?"

"ತಪ್ಪು ಎರಡು. ಇನ್ನೊಂದು ನಂದು. ಸೋಮವಾರದಿಂದ ನಿಮಗೆ ವಾಲ್ಟ್ ಕಲಿಸ್ತಾರೆ. ನಾನು ನಿಮಗೆ ಕಲಿಸೋಕಾಗಲ್ಲ."

"ಆ ಮುದುಕನಾ? ಬಾಯಲ್ಲಿ ಹೊಗೆಸೊಪ್ಪು ಇಟ್ಕೊಂಡು ಮಾತಾಡ್ತಾನೆ. ಒಂದಕ್ಷರ ತಿಳಿಯಲ್ಲ." ಅವರ ದನಿ ಇಳಿಯಿತು. "ನಾನು ವಿಮಾನ ಕಲೀಬೇಕು ಅಂತ ಬಂದೋನಲ್ಲ ನಳಿನಿ. ನಿನ್ನ ಹತ್ರ ಕಲೀಬೇಕು ಅಂತ ಬಂದೋನು."

"ಅದಕ್ಕೇ ಅಂಕಲ್," ಎಂದಳು ಅವಳು.

ಆಂಟಿ ಚಾಕು ಕೆಳಗಿಟ್ಟರು. "ಚೆನ್ನಾಗಿದೆ. ಮೂವತ್ತು ಜನಕ್ಕೆ ಏನಂತ ಹೇಳ್ಲಿ? ಮನೆ ಹುಡುಗೀನೇ ಬೇಡ ಅಂದ್ಲು ಅಂತಾನಾ? ಇವರ ಗೆಳೆಯ ಚಂದ್ರಮೋಹನನಿಗೆ ಅಷ್ಟು ಸಾಕು, ವರ್ಷಪೂರ್ತಿ ಇವರನ್ನ ಆಡ್ಕೊಂಡು ನಗ್ತಾನೆ. ಏನಾಗಿತ್ತು ಅಂಥದ್ದು? ಜಯಂಟ್ ವೀಲ್ ಥರ ಒಂದು ಸುತ್ತು ಬಂತು, ಅಷ್ಟೇ ತಾನೇ?"

ನಳಿನಿ ಅಂಕಲ್ ಕಡೆ ನೋಡಿದಳು. ಅವರು ಕೈಯಲ್ಲಿದ್ದ ಶೂ ನೋಡುತ್ತಿದ್ದರು.

"ಏಳು ಸುತ್ತು ಆಂಟಿ," ಎಂದಳು. "ಇನ್ನೊಂದು ಮೂರ್ನಾಲ್ಕು ಸುತ್ತು ಹೋಗಿದ್ರೆ ಕೆರೆ. ನಾನು ಮೂಗು ಕೆಳಕ್ಕೆ ತಳ್ತಾ ಇದ್ದೆ, ಅಂಕಲ್ ಮೇಲಕ್ಕೆ ಎಳೀತಾ ಇದ್ರು. ನಾನು ಬಿಡಿ ಅಂತ ಹೇಳಲಿಲ್ಲ. ಒಂದು ದಿನಾನೂ ಹೇಳಿರಲಿಲ್ಲ. ಅಂಕಲ್‌ಗೆ ಹಾಗೆ ಹೇಗೆ ಹೇಳೋದು ಅಂತ. ಕೊನೆಗೆ ಹೊಡೆದು ಬಿಡಿಸ್ದೆ."

ಆಂಟಿ ಎದ್ದು ಹೋಗಿ ಗಂಡನ ಶರ್ಟಿನ ತೋಳು ಮೇಲಕ್ಕೆ ಸರಿಸಿದರು. ಮಣಿಕಟ್ಟಿನ ಮೇಲೆ ನೀಲಿಗಟ್ಟಿದ ಗುರುತು ಅಂಗೈ ಅಗಲ ಇತ್ತು. "ಫೈಲ್ ಕ್ಯಾಬಿನೆಟ್ಟಿಗೆ ತಗುಲ್ತು ಅಂದ್ರಲ್ರೀ."

ಆಂಟಿ ತೋಳನ್ನು ಮತ್ತೆ ಕೆಳಗೆಳೆದು, ಗುಂಡಿ ಹಾಕಿದರು; ನಳಿನಿಯತ್ತ ತಿರುಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಗೋಡೆಯ ಫೋನಿನ ಪಕ್ಕ ಅಂಟಿಸಿದ್ದ, ಊಟಕ್ಕೆ ಕರೆದವರ ಪಟ್ಟಿಯ ಮೇಲೆ ಬೆರಳಿಟ್ಟು, ಮೊದಲ ನಂಬರು ಒತ್ತಿದರು.

"ಶಾಂತವ್ವಾರ? ನಾನು ಸರೋಜಾ. ನಾಳೆ ಊಟಕ್ಕೆ ಬರ್ರಿ, ಅದು ಇದ್ದೇ ಇದೆ. ಏರ್‌ಫೀಲ್ಡಿಗೆ ಮಾತ್ರ ಬೇಡ. ಇಲ್ಲ, ಆರಾಮಿದಾರೆ. ದೇವರ ದಯೆ, ಆರಾಮಿದಾರೆ." ಫೋನಿಟ್ಟು, ಮೂಗು ಒರೆಸಿಕೊಂಡು, ಎರಡನೆಯ ನಂಬರು ಒತ್ತಿದರು.

ನಳಿನಿ ಮೇಜಿಗೆ ಕೂತು ಉಳಿದ ಹುರುಳಿಕಾಯಿಯನ್ನು ತನ್ನತ್ತ ಎಳೆದುಕೊಂಡಳು. ಈ ಮನೆಯಲ್ಲಿ ಇನ್ನೆಷ್ಟು ದಿನ ಎಂದು ತಿಳಿಯದಿದ್ದರೂ ಕೈಗೆ ಕೆಲಸ ಬೇಕಿತ್ತು.

ಐದನೆಯ ಫೋನು ಚಂದ್ರಮೋಹನನಿಗೆ. ಅವನ ದೊಡ್ಡ ದನಿ ಮೇಜಿನವರೆಗೂ ಕೇಳಿಸಿತು: ಯಾಕಂತೆ, ಸಾಹೇಬ್ರಿಗೆ ಭಯ ಆಯ್ತಾ, ಇಲ್ಲ ಗಾಳಿ ಜಾಸ್ತಿನಾ? ಆಂಟಿ ಫೋನು ಹಿಡಿದುಕೊಂಡೇ ಗಂಡನ ಕಡೆ ತಿರುಗಿದರು. ಅಂಕಲ್ ಬರಿಗಾಲಿನಲ್ಲಿ ಎದ್ದು ಬಂದರು. ಒಂದು ಗಳಿಗೆ ನಳಿನಿಯ ಬೆನ್ನ ಹಿಂದೆ ನಿಂತರು. ಆಮೇಲೆ ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡರು.

"ಗಾಳಿ ಗೀಳಿ ಏನಿಲ್ಲ ಕಣಯ್ಯ," ಎಂದರು. "ನನಗಿನ್ನೂ ಬರಲ್ಲ."