ಜಂಬುನಾಥ ಮುಟ್ಟದ ಮೀಟರು

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದೆ ಮೀಟರ್ ರಿಪೇರಿ ಅಂಗಡಿ ಇಟ್ಟಿದ್ದ ಜಂಬುನಾಥನಿಗೆ ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ದೊಡ್ಡ ಹೆಸರಿತ್ತು. ಒಳ್ಳೆಯ ಹೆಸರು ಅಂತ ಯಾರಂದರು? ಮಾರಾಟಕ್ಕೆ ಹೊರಟ ಲಾರಿಯಾಗಲಿ ಜೀಪಾಗಲಿ, ಮೊದಲು ಅವನಲ್ಲಿಗೆ ಬಂದು ಓಡಿದ ಲೆಕ್ಕವನ್ನು ಹಿಂದಕ್ಕೆ ತಿರುವಿಸಿಕೊಂಡು ಮುಂದೆ ಹೋಗುತ್ತಿತ್ತು. ಅವನು ದೈವಭಕ್ತ ಬೇರೆ. ಬಿಚ್ಚಿದ ಪ್ರತಿ ಮೀಟರಿನೊಳಗೆ ಒಂದು ಬೊಟ್ಟು ಕುಂಕುಮ ಇಟ್ಟು, ಕೈಮುಗಿದ ಮೇಲೆಯೇ ಮುಚ್ಚುತ್ತಿದ್ದ.

ಆ ಕುಂಕುಮವೇ ಅವನ ಮಾನ ಕಳೆಯಿತು. ಹೆಂಡತಿ ಸುಂಕಮ್ಮನ ಅಣ್ಣ ನಾಗಪ್ಪ ಹಗರಿಬೊಮ್ಮನಹಳ್ಳಿಯ ದಲ್ಲಾಳಿಯೊಬ್ಬನಿಂದ 'ಹೆಚ್ಚು ಓಡದ' ಜೀಪೊಂದನ್ನು ಕೊಂಡ. ಹೆಂಡತಿ ಮಕ್ಕಳನ್ನು ತುಂಬಿಕೊಂಡು ಮೈಲಾರಕ್ಕೆ ಹೊರಟರೆ ಹಡಗಲಿ ದಾಟುವಷ್ಟರಲ್ಲಿ ಎಂಜಿನ್ನು ಕೈಕೊಟ್ಟಿತು. ಮೆಕ್ಯಾನಿಕ್ಕು ಅನುಮಾನಪಟ್ಟು ಮೀಟರು ಬಿಚ್ಚಿದರೆ ಒಳಗೆ ಬೊಟ್ಟು! ಅಂದಿನಿಂದ ಸುಂಕಮ್ಮ ಗಂಡನ ಒಂದು ಮಾತನ್ನೂ ನಂಬಲಿಲ್ಲ. ಹಾಲು ಒಡೆದಿದೆ ಅಂದರೂ ಬಂದು ಮೂಸಿ ನೋಡುವಳು. ಇನ್ನು ಹಿಂದಕ್ಕೆ ತಿರುವಿದರೆ ನನ್ನ ಕೈ ಸೇದಿಹೋಗಲಿ ಎಂದು ಅವನು ಕೊಟ್ಟೂರೇಶನ ಎದುರು ಆಣೆ ಮಾಡಿದ.

"ಆಣಿ ಮಾಡೂದು ನಿಮಗೇನ್ ಹೊಸದೇನ್ರಿ?" ಎಂದಳು.

ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದ. ಆ ತಣ್ಣನೆಯ ದನಿಯನ್ನು ಮಾತ್ರ ತಡೆಯಲಾರದಾದ. ಆಕೆ ಒಂದೇ ಒಂದು ಸಲ ತನ್ನ ಮಾತಿಗೆ ಹೂಂ ಅಂದರೆ ಸಾಕು, ಬೇರೇನೂ ಬೇಡವಾಗಿತ್ತು.

ಆಗ ಬಂದವನು ಹರಪನಹಳ್ಳಿಯ ಗುರುಸಂಗಪ್ಪ. ಅವನ ತಂದೆ ಡ್ಯಾಮು ಕಟ್ಟುವ ಕಾಲದಲ್ಲಿ ಎಂಜಿನಿಯರೊಬ್ಬನಿಂದ ಇಂಗ್ಲೆಂಡಿನ ರೇಸ್ ಕಾರು ಕೊಂಡಿದ್ದ. ಎರಡೇ ಸೀಟು, ತಲೆಯ ಮೇಲೆ ಆಕಾಶ. ಸೆರಗು ನಿಲ್ಲುವುದಿಲ್ಲ, ನಾವು ಹತ್ತುವುದಿಲ್ಲ ಎಂದು ಆ ಮನೆಯ ಹೆಂಗಸರು ಹಟ ಹಿಡಿದದ್ದರಿಂದ ರೇಸ್ ಕಾರು ಎಮ್ಮೆಗಳ ಪಕ್ಕ ಕೊಟ್ಟಿಗೆ ಸೇರಿ, ಅಲ್ಲಿಯೇ ಮುದಿಯಾಯಿತು. ಈಗ ದಾವಣಗೆರೆಯ ಸಾಹುಕಾರನೊಬ್ಬ ಅದನ್ನು ಕೊಳ್ಳಲು ತಯಾರಿದ್ದ. ಎಂಜಿನ್ನು ತಾನು ನೋಡಿಕೊಳ್ಳುತ್ತಾನೆ, ಡ್ಯಾಶ್‌ಬೋರ್ಡು ಮಾತ್ರ ಮೊದಲಿನಂತೆಯೇ ಇರಬೇಕಂತೆ.

ಜಂಬುನಾಥ ಇಡೀ ಡ್ಯಾಶ್‌ಬೋರ್ಡು ಬಿಚ್ಚಿ, ಸುಂಕಮ್ಮನ ಕಣ್ಣೆದುರೇ ಕೆಲಸ ನಡೆಯಲಿ ಎಂದು ಮನೆಗೇ ತಂದ. ಆಕೆ ಆ ಕಡೆ ತಿರುಗಿಯೂ ನೋಡಲಿಲ್ಲ. ಗೆದ್ದಲು ತಿಂದ ಮೂಲೆಗೆ ತೇಗದ ತುಂಡು ಕೂರಿಸಿ, ಹಲಗೆಯನ್ನು ಉಜ್ಜಿ ಉಜ್ಜಿ ಪಾಲಿಶ್ ಹಾಕಿದ. ಪೆಟ್ರೋಲಿನ ಮೀಟರೊಳಗೆ ಇರುವೆಗಳು ಸಂಸಾರ ಹೂಡಿದ್ದವು, ಅವನ್ನು ಎಬ್ಬಿಸಿದ. ಸ್ಪೀಡ್ ಮೀಟರಿನ ಅಂಕಿಗಳು ಮುಟ್ಟಿದರೆ ಉದುರುವಂತಿದ್ದವು. ಉಸಿರು ಬಿಗಿಹಿಡಿದು ಒಣ ಕುಂಚದಿಂದ ಧೂಳು ತೆಗೆದ. ಬಿಗಿದುಕೊಂಡಿದ್ದ ಮುಳ್ಳಿಗೆ ಗಡಿಯಾರದ ಎಣ್ಣೆ ಬಿಟ್ಟ. ಅದರೊಳಗೇ ಇದ್ದ, ಓಡಿದ ದೂರ ತೋರಿಸುವ ಅಂಕಿಯ ಚಕ್ರಗಳು ಒಂಬತ್ತು ಸಾವಿರ ಮೈಲಿಯ ಹತ್ತಿರ ನಿಂತಿದ್ದವು. ಅವನ್ನು ಮುಟ್ಟಲಿಲ್ಲ. ರೂಢಿಯಂತೆ ಬೆರಳು ಅತ್ತ ಹೋದಾಗ ಬೆರಳಿಗೇ ಬೈದ.

ಜಂಬುನಾಥ ಅದನ್ನು ಒಯ್ದು ಕಾರಿಗೆ ಕೂರಿಸಿದ ದಿನ ಸಾಹುಕಾರ ಹರಪನಹಳ್ಳಿಗೆ ಬಂದು ನೋಡಿದ. ಹಲಗೆ ಸವರಿದ, ಗಾಜು ತಟ್ಟಿದ, ಭಲೇ ಅಂದ. ಆಮೇಲೆ ಒಂಬತ್ತು ಸಾವಿರದ ಅಂಕಿಯ ಮೇಲೆ ಕಣ್ಣು ಬಿತ್ತು.

"ಮೀಟರ್ ಯಾರು ಮಾಡಿದ್ದು?"

"ನಾನೇರಿ, ಕೊಟ್ಟೂರು ಜಂಬುನಾಥ."

ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಎರಡು ಲಾರಿ ಮೀಟರು ಹಿಂದಕ್ಕೆ ತಿರುವಿದವನು ನೀನೇ ಅಲ್ಲೇನಪ್ಪ? ನನಗೇ ಟೋಪಿ ಹಾಕ್ತೀಯಾ?" ಎಂದವನೇ ಎದ್ದು ನಡೆದ.

ಗುರುಸಂಗಪ್ಪ ಸ್ಪೀಡ್ ಮೀಟರು ಬಿಚ್ಚಿ ಜಂಬುನಾಥನ ಕೈಗೆ ತುರುಕಿದ. "ಖರೇ ಯಾವನಿಗೆ ಬೇಕಾಗೈತೋ ಮಾರಾಯ? ಅರವತ್ತು ಸಾವಿರ ಮಾಡ್ಕೊಂಡ್ ಬಾ. ಸರಿ ಮಾಡಿಸೀನಿ ಅಂತ ಹೇಳಿ ಸಾಹುಕಾರನ್ನ ಕರ್ಕೊಂಡ್ ಬರ್ತೀನಿ."

"ಜೀವ ಹೋದ್ರೂ ಮುಟ್ಟಂಗಿಲ್ರಿ," ಎಂದ ಜಂಬುನಾಥ. ಇಷ್ಟು ಹೆಮ್ಮೆ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಊರಿಗೆ ಬಂದವನೇ ಸುಂಕಮ್ಮನನ್ನು ಕೂರಿಸಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಆಕೆ ಮೊದಲ ಬಾರಿ ಮೀಟರನ್ನು ಕೈಗೆತ್ತಿಕೊಂಡು ನೋಡಿದಳು.

"ಎಷ್ಟು ಹಿಂದಕ್ಕ ತಿರುವೀರಿ?"

"ಒಂದು ಮೈಲೂ ಇಲ್ಲ. ದೇವರಾಣಿ!"

"ನಮ್ಮಪ್ಪನ ಕಾಲದ ಕಾರು ಇಷ್ಟೇ ಓಡೈತೇನು? ಹೇಳೂದಾದ್ರ ನಂಬೋಹಂಗಾದ್ರೂ ಹೇಳ್ರಿ." ಮೀಟರನ್ನು ಅವನ ಮುಂದಿಟ್ಟು ಒಳಗೆ ಹೋದಳು.

ಜಂಬುನಾಥನಿಗೆ ಅಳು ಬಂತು, ನಾಚಿಕೆಯಾಗಿ ನುಂಗಿಕೊಂಡ. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಚಕ್ರಗಳನ್ನು ಒಂದೊಂದಾಗಿ ಮುಂದಕ್ಕೆ ನೂಕಿ, ಅರವತ್ತು ಸಾವಿರದ ಆಚೆ ತಂದು ನಿಲ್ಲಿಸಿದ.

ಕಸ ಗುಡಿಸಲು ಬಂದ ಸುಂಕಮ್ಮ ಬಗ್ಗಿ ನೋಡಿದಳು. ಪೊರಕೆ ಕೆಳಗಿಟ್ಟಳು. ಮುಖ ಅರಳಿತು.

"ಈಗ ನೋಡ್ರಿ, ಇದು ಖರೇ. ಬಾಯಿಬಿಟ್ಟು ಒಪ್ಪಿಕೊಳ್ಳದಿದ್ರೂ ಇದ್ದದ್ದನ್ನ ಇದ್ದಂಗ ಮಾಡೀರಿ. ನಮ್ಮಣ್ಣಗೂ ಹೇಳ್ತೀನಿ ತಗೋರಿ, ನೀವು ಬದಲಾಗೀರಿ ಅಂತ."

ಚಹಾ ಮಾಡಿ ತಂದು, ಎಷ್ಟೋ ತಿಂಗಳ ಮೇಲೆ ಅವನ ಪಕ್ಕದಲ್ಲೇ ಕೂತಳು. ನಿಜ ಹೇಳಿಬಿಡೋಣವೆಂದು ಜಂಬುನಾಥ ಬಾಯಿ ತೆರೆದ. ಆಕೆ ಅವನ ಮುಖವನ್ನೇ ನಂಬಿಕೆಯಿಂದ ನೋಡುತ್ತಿದ್ದಳು.

"ಹೌದು," ಎಂದು ಚಹಾ ಕುಡಿದ.